ಕಡಿಮೆ ಅಂಕಗಳು, ಒಳ್ಳೆಯ ಕಾಲೇಜು ಮತ್ತು ಪಾಲಕರ ಲೆಕ್ಕಾಚಾರ

ದ್ವಿತೀಯ ಪಿಯುಸಿ ಹಾಗೂ ಸಿಇಟಿ ಫಲಿತಾಂಶಗಳು ಪ್ರಕಟವಾಗುತ್ತಿದ್ದಂತೆ ಹುಲೇಕಲ್ ಸೀಮೆಯ ಅಡಿಕೆ ಬೆಳೆಗಾರರ ಹಾಗೂ ಶಿರಸಿ ಪೇಟೆಯ ವರ್ತಕರ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಅಂಕಗಳು ಕಡಿಮೆ ಬಂದಿವೆ. ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಹಣ ಹೊಂದಿಸಬೇಕು? ಹೊಸ ಗೋದಾಮು ಕಟ್ಟುವ ಮುನ್ನ ಹತ್ತು ಬಾರಿ ಲೆಕ್ಕ ಹಾಕುವ ನಮ್ಮ ವರ್ತಕ ಬಂಧುಗಳು ಈ ವಿಷಯದಲ್ಲಿ ಒಂದೇ ಸಂಜೆಯಲ್ಲಿ ನಿರ್ಧಾರಕ್ಕೆ ಬರುವುದು ಸೋಜಿಗದ ಸಂಗತಿ.

ಹತ್ತು ಲಕ್ಷ ರೂಪಾಯಿ ಸಾಲಕ್ಕೆ ಶೇ. 10ರ ಸರಳ ಬಡ್ಡಿ ಹಿಡಿದರೂ ನಾಲ್ಕು ವರ್ಷಗಳ ಪದವಿ ಮುಗಿಯುವಾಗ ಬಾಕಿ 14 ಲಕ್ಷವಾಗಿರುತ್ತದೆ. ಕೊಳೆರೋಗ, ಎಲೆಚುಕ್ಕಿ ರೋಗಗಳಿಂದ ಫಸಲೇ ಅನಿಶ್ಚಿತವಾಗಿರುವಾಗ ಇದು ಸಣ್ಣ ಹೊರೆಯಲ್ಲ. ರಸೀದಿಯಿಲ್ಲದೆ ಕೊಡುವ ಹಣದ ವಿಚಾರವಂತೂ ಮತ್ತಷ್ಟು ಗಂಭೀರ. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕವು 1984ರ ಕಾಯಿದೆಯಿಂದಲೇ ನಿಷೇಧಿಸಿದೆ. ಅಂತಹ ಹಣಕ್ಕೆ ಬ್ಯಾಂಕ್ ಸಾಲ ದೊರೆಯದು, ತೆರಿಗೆ ವಿನಾಯಿತಿಯೂ ಇಲ್ಲ. ವಿದ್ಯಾರ್ಥಿ ನಡುವೆಯೇ ಓದು ಬಿಟ್ಟರೆ ಮರಳಿ ಕೇಳಲು ಆಧಾರವೂ ಇರುವುದಿಲ್ಲ.

ಇದಕ್ಕೆ ಬದಲಾಗಿ, ಕಾನೂನುಬದ್ಧವಾಗಿ ತೆರೆದಿರುವ ದಾರಿಗಳನ್ನು ನಮ್ಮ ಪಾಲಕರು ಎಷ್ಟರ ಮಟ್ಟಿಗೆ ಬಲ್ಲರು? ಸಿಇಟಿ ಮೂಲಕ ಹಂಚಿಕೆಯಾಗುವ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ. ಹತ್ತು ವರ್ಷಗಳೂ ಪೂರ್ಣವಾಗಿರಬೇಕು. ಹಳ್ಳಿಯ ಶಾಲೆಯಲ್ಲಿದ್ದ ಮಗುವನ್ನು ಎಂಟನೆಯ ತರಗತಿಗೆ ಶಿರಸಿ ನಗರದ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸಿದರೆ ಎರಡೂ ಕೈತಪ್ಪುತ್ತವೆ. ಆ ಶಾಲೆಯಿಂದ ಲಾಭವಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕಳೆದುಕೊಳ್ಳುವುದೇನೆಂಬುದನ್ನು ತಿಳಿದೇ ನಿರ್ಧರಿಸಬೇಕು.

ಕೃಷಿ ಸಂಬಂಧಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಆ ರ‍್ಯಾಂಕಿಗೆ ಪ್ರಾಯೋಗಿಕ ಪರೀಕ್ಷೆಯ ಅಂಕಗಳೂ ಸೇರುತ್ತವೆ. ಬೀಜ, ಗೊಬ್ಬರ, ಸಲಕರಣೆಗಳನ್ನು ತೋಟ ಗದ್ದೆಗಳಲ್ಲಿ ನೋಡಿ ಬೆಳೆದ ಮಕ್ಕಳಿಗೆ ಇದು ಅನುಕೂಲಕರ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಅರಣ್ಯ ಮಹಾವಿದ್ಯಾಲಯ ನಮ್ಮ ಶಿರಸಿಯಲ್ಲಿಯೇ ಇದೆ. ಇಂಜಿನಿಯರಿಂಗ್ ಬಯಸುವವರು ಎಸ್ಎಸ್ಎಲ್‌ಸಿಯ ನಂತರ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಮೂಲಕ ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯಬಹುದು. ಪಿಯುಸಿ ಅಂಕಗಳ ಬಗ್ಗೆ ಅಸಮಾಧಾನವಿದ್ದರೆ, 2024ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆದು ಹೆಚ್ಚಿನ ಅಂಕಗಳನ್ನು ಉಳಿಸಿಕೊಳ್ಳಬಹುದು.

ನನ್ನ ವೃತ್ತಿಯ ವಿಷಯವನ್ನೂ ಹೇಳಬೇಕು. ಸಿಎ ಫೌಂಡೇಶನ್ ಪರೀಕ್ಷೆಗೆ ಹನ್ನೆರಡನೆಯ ತರಗತಿ ತೇರ್ಗಡೆಯಾಗಿದ್ದರೆ ಸಾಕು. ಫೌಂಡೇಶನ್ ಬರೆಯದೆ ನೇರ ಪ್ರವೇಶ ಬಯಸುವ ವಾಣಿಜ್ಯ ಪದವೀಧರರಿಗೆ ಶೇ. 55 ಅಂಕಗಳಿರಬೇಕು. ಊರಿನ ಸಮೀಪದ ಕಾಲೇಜಿನಲ್ಲಿ ಬಿ.ಕಾಂ. ಓದಿದವರಿಗೂ ರಾಜಧಾನಿಯಲ್ಲಿ ಓದಿದವರಿಗೂ ಒಂದೇ ಪ್ರಶ್ನೆಪತ್ರಿಕೆ. ಪರೀಕ್ಷೆ ಕಠಿಣವೆಂಬುದು ನಿಜ. ಪ್ರವೇಶ ಸುಲಭವೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮ್ಯಾನೇಜ್‌ಮೆಂಟ್ ಸೀಟು ಸರ್ವಥಾ ತಪ್ಪೆಂಬುದು ನನ್ನ ಅಭಿಪ್ರಾಯವಲ್ಲ. ಮಗುವಿಗೆ ಆ ವಿಷಯದಲ್ಲಿ ನೈಜ ಆಸಕ್ತಿಯಿದ್ದು, ಕಾಲೇಜಿನ ಬೋಧನೆ ಉತ್ತಮವಾಗಿದ್ದು, ರಸೀದಿಸಹಿತ ಶುಲ್ಕವನ್ನು ಉಳಿತಾಯದಿಂದಲೇ ಭರಿಸಲು ಸಾಧ್ಯವಿದ್ದರೆ ಅದು ಕುಟುಂಬದ ವಿವೇಚನೆಗೆ ಬಿಟ್ಟದ್ದು. ತೋಟವನ್ನು ಅಡವಿಟ್ಟು ಕೊಳ್ಳುವ ಸೀಟಿಗೆ ಮಾತ್ರ ನನ್ನ ವಿರೋಧ. ಆ ಸಾಲದ ಭಾರವನ್ನು ಹೊತ್ತ ಮಗ ಅಥವಾ ಮಗಳು ಪದವಿ ಮುಗಿದೊಡನೆ ಸಿಕ್ಕ ಕೆಲಸಕ್ಕೆ ಸೇರಲೇಬೇಕಾಗುತ್ತದೆ. ಮುಂದೆ ಓದುವ, ಊರಿಗೆ ಮರಳಿ ವ್ಯವಹಾರ ಆರಂಭಿಸುವ ಸ್ವಾತಂತ್ರ್ಯ ಉಳಿಯುವುದಿಲ್ಲ.

ಅನೇಕ ಕುಟುಂಬಗಳಲ್ಲಿ ಸೀಟು ತಪ್ಪುವುದು ಅಂಕಗಳ ಕೊರತೆಯಿಂದಲ್ಲ, ಪ್ರಮಾಣಪತ್ರಗಳ ಕೊರತೆಯಿಂದ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಗೂ ತಹಸೀಲ್ದಾರರ ಕಚೇರಿಯ ದಾಖಲೆಗಳನ್ನು ಕೊನೆಯ ವಾರದಲ್ಲಿ ಪಡೆಯುವುದು ಕಷ್ಟಸಾಧ್ಯ. ಆದ್ದರಿಂದ ನಮ್ಮ ಸಂಸ್ಥೆಯು ಪ್ರತಿವರ್ಷ ಡಿಸೆಂಬರ್ ತಿಂಗಳಿನಲ್ಲಿಯೇ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಪಾಲಕರಿಗಾಗಿ ಒಂದು ದಿನದ ಮಾಹಿತಿ ಶಿಬಿರ ಏರ್ಪಡಿಸಲಿ. ಲೆಕ್ಕ ಬಲ್ಲ ಸದಸ್ಯರೂ ನಿವೃತ್ತ ಉಪನ್ಯಾಸಕರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ಮಾನ್ಯ ಅಧ್ಯಕ್ಷರು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಪರಿಗಣಿಸಬೇಕೆಂದು ವಿನಂತಿಸುತ್ತೇನೆ.