ಹಸಿದ ಹೊಟ್ಟೆಯ ಹಾಡು

ಏಪ್ರಿಲ್ ತಿಂಗಳಲ್ಲಿ ಕುದುರೆಮುಖ ಶ್ರೇಣಿಯ ಕಾಡಂಚಿನಲ್ಲಿ, ಹಳ್ಳದ ಸಮೀಪ ಡೇರೆ ಹಾಕಿ ಮಲಗಿದವರಿಗೆ ಅಲಾರಂ ಬೇಕಾಗುವುದಿಲ್ಲ. ಸೂರ್ಯ ಮೂಡುವ ಎಷ್ಟೋ ಮುಂಚೆಯೇ, ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳೆ ಹಾಕುತ್ತ ಹಳ್ಳದ ದಂಡೆಯಲ್ಲಿ ಹೋದಂತೆ ಕೇಳಿಸುತ್ತದೆ. ಹುಡುಕಿದರೆ ಹುಡುಗ ಸಿಗುವುದಿಲ್ಲ. ಅದು ಸಿಳ್ಳಾರ ಹಕ್ಕಿ. ಇಂಗ್ಲಿಷರು ಇದನ್ನು ‘ಸಿಳ್ಳೆ ಹಾಕುವ ಶಾಲಾ ಬಾಲಕ’ ಎಂದೇ ಕರೆದರು. ತುಸು ಹೊತ್ತಿನಲ್ಲೇ ಕಾಡುಕೋಳಿಯ ಕೂಗು, ಕುಟ್ರ ಹಕ್ಕಿಯ ಎಡೆಬಿಡದ ‘ಕುಟ್ರೂ ಕುಟ್ರೂ’, ಬೇರೆ ಹಕ್ಕಿಗಳನ್ನು ಅಣಕಿಸುವ ಭೀಮರಾಜನ ದನಿ ಒಂದೊಂದಾಗಿ ಸೇರಿಕೊಳ್ಳುತ್ತವೆ.

ಇಷ್ಟು ನಸುಕಿನಲ್ಲೇ ಏಕೆ? ಹೆಚ್ಚಾಗಿ ಹಾಡುವುದು ಗಂಡು ಹಕ್ಕಿ. ಕೆಲವು ಜಾತಿಗಳಲ್ಲಿ ಹೆಣ್ಣೂ ಹಾಡುವುದುಂಟು. ‘ಈ ಜಾಗ ನನ್ನದು’ ಎಂದು ಎದುರಾಳಿಗೆ ಎಚ್ಚರಿಕೆ, ಸಂಗಾತಿಗೆ ಆಹ್ವಾನ, ಎರಡೂ ಆ ಹಾಡಿನಲ್ಲಿವೆ. ಆ ಹೊತ್ತಿನಲ್ಲಿ ಹುಳುಹುಪ್ಪಟೆ ಹುಡುಕಲು ಬೆಳಕು ಸಾಲದು. ಗಾಳಿಯೂ ಶಾಂತವಾಗಿರುವುದರಿಂದ ಸ್ವರ ಸ್ಪಷ್ಟವಾಗಿ ಮುಟ್ಟುತ್ತದೆ. ದೊಡ್ಡ ಕಣ್ಣಿನ ಹಕ್ಕಿಗಳು ಸಣ್ಣ ಕಣ್ಣಿನವಕ್ಕಿಂತ ಮೊದಲು ಹಾಡತೊಡಗುತ್ತವೆ ಎಂಬುದನ್ನು 2002ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಹಕ್ಕಿಯ ಸ್ವರ ಹೊರಡುವುದು ಮನುಷ್ಯರಂತೆ ಗಂಟಲಿನ ಮೇಲ್ಭಾಗದಿಂದಲ್ಲ, ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿರುವ ‘ಸಿರಿಂಕ್ಸ್’ ಎಂಬ ಅಂಗದಿಂದ. ಹೀಗಾಗಿ ಕೆಲವು ಹಕ್ಕಿಗಳು ಒಮ್ಮೆಲೇ ಎರಡು ಸ್ವರ ಹೊರಡಿಸಬಲ್ಲವು.

ಒಂದು ಸಂಗತಿ ಮರೆಯಬಾರದು. ಇದು ರಾತ್ರಿಯಿಡೀ ಉಪವಾಸವಿದ್ದ ಹಕ್ಕಿ, ಮೈಯಲ್ಲಿ ಉಳಿದ ಶಕ್ತಿಯನ್ನು ಖರ್ಚು ಮಾಡಿ ಹಾಡುವ ಹಾಡು. ಕೇಳುವವರಿಗೆ ಮನರಂಜನೆ, ಹಕ್ಕಿಗೆ ಬದುಕಿನ ದುಡಿಮೆ. ಹಕ್ಕಿಯನ್ನು ಹತ್ತಿರ ಸೆಳೆಯಲು ಮೊಬೈಲ್ ಫೋನಿನಲ್ಲಿ ಅದರದೇ ಹಾಡು ಹಾಕುವವರಿದ್ದಾರೆ. ಎದುರಾಳಿ ಬಂದನೆಂದು ನಂಬಿದ ಗಂಡು, ಮೇವು ಬಿಟ್ಟು ಇಲ್ಲದ ವೈರಿಯನ್ನು ಹುಡುಕಿ ಬಳಲುತ್ತದೆ. ಒಂದು ಫೋಟೋಗೆ ಇದು ದುಬಾರಿ ಬೆಲೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ಮಕ್ಕಳೊಡನೆ ಶಿಬಿರಕ್ಕೆ ಹೋಗುವ ಪಾಲಕರು ಟಾರ್ಚ್ ಆರಿಸಿ, ಡೇರೆಯ ಬಾಗಿಲಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತರೆ ಸಾಕು. ಕೇಳಿದ ಸಮಯ, ದಿಕ್ಕು, ಸ್ವರ ಇವನ್ನು ಮಕ್ಕಳು ತಮಗೆ ತೋಚಿದ ಅಕ್ಷರಗಳಲ್ಲಿ ಬರೆದಿಡಲಿ. ಹಕ್ಕಿಯ ಹೆಸರು ಆಮೇಲೆ ತಿಳಿದರಾಯಿತು.

ಬೆಟ್ಟಕ್ಕೆ ಹೋಗಲಾಗದವರೂ ಬೇಸರಿಸಬೇಕಿಲ್ಲ. ಪರೀಕ್ಷೆಗೆ ಓದಲು ಐದು ಗಂಟೆಗೆ ಎದ್ದ ಹುಡುಗಿ ಕಿಟಕಿ ತೆರೆದರೆ, ಹಿತ್ತಲ ಮರದಲ್ಲಿ ಮಡಿವಾಳ ಹಕ್ಕಿ ತನ್ನಂತೆಯೇ ಬರಿಹೊಟ್ಟೆಯಲ್ಲಿ ಪಾಠ ಒಪ್ಪಿಸುತ್ತಿರುವುದು ಕೇಳಿಸೀತು.