ಚಿಕ್ಕಿ ಎಣಿಸಿ ಆಳು ಕಟ್ಟುವವರಿಗೆ

ಹೋದ ತಿಂಗಳು ನಮ್ಮ ಖೋಲಿಯಲ್ಲಿ ಒಬ್ಬ ಮೀನುಗಾರನ ಸಲುವಾಗಿ ಜಗಳವಾಯಿತು. ಖೋಲಿ ಇರುವುದು ಖಡಕಿ ಬಜಾರದ ಹಿಂದೆ. ಮೀನುಗಾರ ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ನಾವು ಮೂವರು ಒಂದೇ ಯಂತ್ರದ ಮೇಲೆ ಸರದಿಯಂತೆ ಆಡುವ ಆಟ ಅದು, ಹೆಸರು ‘ಬ್ಯಾಟಲ್ ಬ್ರದರ್ಸ್’. ಜರ್ಮನಿಯ ಹ್ಯಾಂಬರ್ಗಿನ ಓವರ್‌ಹೈಪ್ ಸ್ಟುಡಿಯೋಸ್ ಎಂಬ ಸಣ್ಣ ತಂಡ 2017ರಲ್ಲಿ ಅದನ್ನು ಪೂರ್ತಿಯಾಗಿ ಹೊರತಂದಿತು. ಮಧ್ಯಯುಗದ ಕೂಲಿ ಸೈನಿಕರ ಒಂದು ಗುಂಪಿಗೆ ನೀವು ಯಜಮಾನರು. ಊರೂರು ತಿರುಗಿ ಆಳು ಸೇರಿಸಬೇಕು, ದಿನದ ಸಂಬಳ ಕೊಡಬೇಕು, ಹೊಟ್ಟೆಗೆ ಹಾಕಬೇಕು, ಕಾಳಗಕ್ಕೆ ಒಯ್ಯಬೇಕು. ಸತ್ತವನು ಸತ್ತ. ಹಿಂದಿನ ದಿನಕ್ಕೆ ಮರಳಿ ಹೋಗಿ ಅವನನ್ನು ಉಳಿಸಿಕೊಳ್ಳುವ ದಾರಿಯನ್ನು ನಾವೇ ಮೊದಲ ದಿನ ಮುಚ್ಚಿಬಿಟ್ಟಿದ್ದೇವೆ.

ಮೀನುಗಾರನನ್ನು ಸೇರಿಸಿದವನು ನಾನು. ವಿಜಯಪುರದ ಗೆಳೆಯ ಬಂದು ನೋಡಿ, “ಇವನ್ನ ತಗದ ಒಗಿ, ಬೇಕಾದಲ್ಲಿ ಚಿಕ್ಕಿ ಒಂದೂ ಇಲ್ಲ” ಅಂದ. “ಇರಲಿ ಬಿಡು, ಈಟಿ ಕೊಟ್ಟು ನಿಲ್ಲಸೋಣು” ಅಂದೆ. “ಈಟಿ ಕೊಟ್ಟು ಏನ್ ಮಾಡ್ತಿ? ಹನ್ನೊಂದನೇ ಮಟ್ಟಕ್ಕ ಹೋದ್ರೂ ಇವ ಮನುಷ್ಯಾ ಆಗೂದಿಲ್ಲ.” ಈ ಮಾತು ನನ್ನನ್ನು ಕೆರಳಿಸಿತು. ಅವತ್ತು ನನಗೆ ಸರಿಯಾಗಿ ಉತ್ತರ ಹೊಳೆಯಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಆಡದವರಿಗಾಗಿ ಒಂದೆರಡು ಮಾತು. ಈ ಆಟದಲ್ಲಿ ಒಬ್ಬೊಬ್ಬ ಆಳಿಗೂ ಎಂಟು ಗುಣಗಳು: ಜೀವಬಲ, ದಣಿವು ತಾಳುವ ಶಕ್ತಿ, ಎದೆಗಾರಿಕೆ, ಚುರುಕು, ಕೈಕಾಳಗದ ಪಳಗು, ದೂರದಿಂದ ಹೊಡೆಯುವ ಪಳಗು, ಮತ್ತೆ ಈ ಎರಡು ಬಗೆಯ ಹೊಡೆತವನ್ನೂ ತಪ್ಪಿಸಿಕೊಳ್ಳುವ ಎರಡು ಗುಣ. ಎಂಟರಲ್ಲಿ ಮೂರು ಗುಣಗಳ ಪಕ್ಕ ಒಂದರಿಂದ ಮೂರರ ತನಕ ಚಿಕ್ಕಿ ಹೊಳೆಯುತ್ತವೆ. ಚಿಕ್ಕಿ ಇದ್ದಲ್ಲಿ ಆ ಗುಣ ಬೇಗ ಬೆಳೆಯುತ್ತದೆ. ಆಳು ಒಂದೊಂದು ಮಟ್ಟ ಏರಿದಾಗಲೂ ಯಾವುದಾದರೂ ಮೂರು ಗುಣ ಹೆಚ್ಚಿಸಬಹುದು, ಜೊತೆಗೆ ಒಂದು ವಿದ್ಯೆ ಕಲಿಸಬಹುದು. ಹನ್ನೊಂದನೆಯ ಮಟ್ಟಕ್ಕೆ ಹತ್ತು ವಿದ್ಯೆ ಮುಗಿಯುತ್ತವೆ. ಆಮೇಲೆ ಮಟ್ಟ ಏರಿದರೂ ಮೂರು ಗುಣಕ್ಕೆ ಒಂದೊಂದು ಅಂಕ, ಅಷ್ಟೆ. ಯಾವ ಗುಣ, ಯಾವ ವಿದ್ಯೆ, ಯಾವ ಆಯುಧ, ಎಷ್ಟು ತೂಕದ ಕವಚ, ಇವನ್ನೆಲ್ಲ ಕೂಡಿಸಿ ಆಡುವವರು ‘ಬಿಲ್ಡ್’ ಅನ್ನುತ್ತಾರೆ. ನಾನು ಆಳು ಕಟ್ಟುವುದು ಅನ್ನುತ್ತೇನೆ.

ಇದು ಕನ್ನಡ ಪತ್ರಿಕೆಗೆ ತಕ್ಕ ವಿಷಯವೇ ಎಂದು ನಮ್ಮ ಸಂಘದ ಒಬ್ಬರು ಕೇಳಿದರು. ಹಳಗನ್ನಡದಿಂದ ಯುದ್ಧವನ್ನು ತೆಗೆದರೆ ಪರೀಕ್ಷೆಗೆ ಓದಲು ಏನು ಉಳಿಯುತ್ತದೆ? ಪಂಪ ಸ್ವತಃ ಕವಿಯೂ ಹೌದು, ಕಲಿಯೂ ಹೌದು. ರನ್ನನ ದುರ್ಯೋಧನನನ್ನೇ ನೋಡಿ, ಗದೆಯೊಂದರ ಮೇಲೆ ಕಟ್ಟಿದ ಆಳು ಅವನು. ನಮ್ಮ ಕಡೆ ಹೇಳುವ ಕತೆಯಂತೆ ಮೈಯೆಲ್ಲ ವಜ್ರ, ತೊಡೆ ಮಾತ್ರ ಬಿಟ್ಟುಹೋಗಿತ್ತು. ಹೊಡೆತ ಬಿದ್ದದ್ದು ಅಲ್ಲೇ. (ನಮ್ಮ ಆಟದಲ್ಲಿ ಆ ಭಯವಿಲ್ಲ. ಚದುರಂಗದ ಕಾಯಿಯ ಹಾಗೆ ಆಳುಗಳನ್ನು ಎದೆಮಟ್ಟಕ್ಕೆ ಬರೆದಿದ್ದಾರೆ; ಯಾರಿಗೂ ತೊಡೆಯೇ ಇಲ್ಲ.)

ಈಗ ವಿಷಯಕ್ಕೆ ಬರುತ್ತೇನೆ. ಗೆಳೆಯನ ಹತ್ತಿರ ಒಂದು ಪಟ್ಟಿ ಇದೆ, ಯಾರೋ ಸಾವಿರಾರು ತಾಸು ಆಡಿದವರು ಮಾಡಿದ್ದು. ಅದರಲ್ಲಿ ತಪ್ಪಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಹನ್ನೊಂದನೆಯ ಮಟ್ಟ ಮುಟ್ಟಿದ ಆಳುಗಳ ಪಟ್ಟಿ. ಕೈಕಾಳಗ ಇಷ್ಟಿರಬೇಕು, ತಪ್ಪಿಸಿಕೊಳ್ಳುವುದು ಇಷ್ಟಿರಬೇಕು, ದಣಿವಿನ ಶಕ್ತಿ ಕವಚದ ತೂಕ ಕಳೆದು ಇಷ್ಟು ಉಳಿಯಬೇಕು ಎಂದು ಹೇಳುತ್ತದೆ. ಇವತ್ತು ಹರಕು ಅಂಗಿ ಹಾಕಿಕೊಂಡು ಮೊದಲ ಮಟ್ಟದಲ್ಲಿ ನಿಂತವನು ನಾಳೆ ಬೆಳಿಗ್ಗೆ ಕಳ್ಳರ ಎದುರು ಏನು ಮಾಡಬೇಕು ಎಂಬುದು ಅದರಲ್ಲಿ ಇಲ್ಲ. ನಮ್ಮ ದಂಡಿನಲ್ಲಿ ಈವರೆಗೆ ಸತ್ತವರಲ್ಲಿ ಹೆಚ್ಚಿನವರು ನಾಲ್ಕನೆಯ ಮಟ್ಟವನ್ನೂ ಕಾಣಲಿಲ್ಲ. ಅವರನ್ನು ಹನ್ನೊಂದಕ್ಕಾಗಿ ಕಟ್ಟುತ್ತ ಕೂತವರು ನಾವೇ.

ಉದಾಹರಣೆಗೆ ಒಂದು ಲೆಕ್ಕ. ಹೊಡೆಯುವವನ ಪಳಗಿನಿಂದ ಎದುರಿನವನ ತಪ್ಪಿಸಿಕೊಳ್ಳುವ ಗುಣವನ್ನು ಕಳೆದರೆ, ಹೊಡೆತ ತಗಲುವ ಸಂಭವ ನೂರಕ್ಕೆ ಎಷ್ಟೆಂದು ಸಿಗುತ್ತದೆ. ಎದುರಾಳಿಯದು 65, ನಿಮ್ಮವನದು 5 ಇದ್ದರೆ ನೂರಕ್ಕೆ 60 ಹೊಡೆತ ಬೀಳುತ್ತವೆ. ಗುರಾಣಿ ಕೊಟ್ಟು, ಮಟ್ಟ ಏರಿದಾಗಲೆಲ್ಲ ಅದೇ ಗುಣಕ್ಕೆ ಹಾಕಿ 30ಕ್ಕೆ ತಂದರೆ 35. ಅಂದರೆ ಮೊದಲು ಬೀಳುತ್ತಿದ್ದ ಹೊಡೆತಗಳಲ್ಲಿ ಅರ್ಧಕ್ಕೆ ತುಸು ಕಡಿಮೆ ಗಾಳಿಗೆ ಹೋದವು. ಇದಕ್ಕೆ ಮೂರು ಚಿಕ್ಕಿ ಬೇಕಿಲ್ಲ, ಚಿಕ್ಕಿ ಇದ್ದರೆ ಬೇಗ ಆಗುತ್ತದೆ ಅಷ್ಟೆ. ಇನ್ನು ಈಟಿ. ಈಟಿಯ ತಿವಿತಕ್ಕೆ ಆಟವೇ 20 ಅಂಕ ಸೇರಿಸಿ ಕೊಡುತ್ತದೆ. ಕೈ ಪಳಗದವನಿಗೆ ಅದು ದೊಡ್ಡ ಉಪಕಾರ. ಗಾಯ ಆಳವಾಗಿ ಆಗುವುದಿಲ್ಲ ಅನ್ನುವುದು ಖರೆ, ಆದರೆ ತಗಲುತ್ತದೆ. ಮೀನುಗಾರನಿಗೆ ನಾನು ಕೊಟ್ಟದ್ದು ಇದನ್ನೇ: ಈಟಿ, ಗುರಾಣಿ, ಸಾಲಿನ ಎಡತುದಿ.

“ಸತ್ತ ವೈರಿ ಹೊಡಿಯೂದಿಲ್ಲ” ಎಂಬುದು ಗೆಳೆಯನ ವಾದ. ಎರಡು ಕೈಯ ದೊಡ್ಡ ಕೊಡಲಿ ಹಿಡಿದವನು ಒಂದು ಸುತ್ತಿನಲ್ಲಿ ಇಬ್ಬರನ್ನು ಕೆಡವಿದರೆ ತಪ್ಪಿಸಿಕೊಳ್ಳುವ ಗುಣ ಯಾಕೆ ಬೇಕು? ಒಪ್ಪುತ್ತೇನೆ, ಅಂಥವರು ಬೇಕು. ಇಬ್ಬರೋ ಮೂವರೋ ಇರಲಿ. ಹನ್ನೆರಡು ಜನರ ಸಾಲಿನಲ್ಲಿ ಹನ್ನೆರಡೂ ಮಂದಿ ಕೊಡಲಿಯವರಾದರೆ ಏನಾಗುತ್ತದೆ ಎಂಬುದನ್ನು ಒಂದು ಸಲ ಮಾಡಿ ನೋಡಿದ್ದೇವೆ. ಪ್ರತಿ ಸುತ್ತಿಗೆ 15 ಅಂಕದಷ್ಟು ದಣಿವು ಮಾತ್ರ ಇಳಿಯುತ್ತದೆ. ದೊಡ್ಡ ಆಯುಧ ಬೀಸಿದರೆ ಅದಕ್ಕಿಂತ ಹೆಚ್ಚು ಏರುತ್ತದೆ, ಮೇಲೆ ಭಾರದ ಕವಚ. ಐದಾರು ಸುತ್ತಿಗೆ ಎಲ್ಲರೂ ಉಸಿರುಬಿಡುತ್ತ ಕೈ ಕೆಳಗೆ ಹಾಕಿ ನಿಂತರು. ಓರ್ಕ್‌ಗಳಿಗೆ ಸುಗ್ಗಿಯಾಯಿತು. ನಮ್ಮ ಖೋಲಿಯ ಮೂರನೆಯವನು ಹೊನ್ನಾವರದವನು, ಆಟ ಆಡುವುದಕ್ಕಿಂತ ನೋಡುವುದು ಜಾಸ್ತಿ. ಅವನು ಅವತ್ತು, “ಎಲ್ಲರೂ ಬಣ್ಣದ ವೇಷವೇ ಕಟ್ಟಿದರೆ ಪ್ರಸಂಗ ನಡೆಯುವುದು ಹೇಗೆ ಮಾರಾಯ?” ಎಂದು ಕೇಳಿದ. ಮೇಳದಲ್ಲಿ ರಾಜನೂ ಬೇಕು, ಪುಂಡುವೇಷವೂ ಬೇಕು, ಹಾಸ್ಯಗಾರನೂ ಬೇಕು.

ನನಗೆ ನೆನಪಾದದ್ದು ನಮ್ಮೂರ ಗರಡಿ. ಹೊಸ ಹುಡುಗ ಬಂದರೆ ಉಸ್ತಾದರು ಮೊದಲು ಅವನನ್ನು ಸುಮ್ಮನೆ ನಿಲ್ಲಿಸಿ ನೋಡುತ್ತಿದ್ದರು. ಕುಳ್ಳಗಿದ್ದು ಸೊಂಟ ಗಟ್ಟಿ ಇದ್ದವನಿಗೆ ಒಂದು ಪಟ್ಟು, ಉದ್ದ ಕೈಯವನಿಗೆ ಇನ್ನೊಂದು. ಒಬ್ಬರ ಪಟ್ಟನ್ನು ಇನ್ನೊಬ್ಬರಿಗೆ ಕಲಿಸಿದ್ದನ್ನು ನಾನು ನೋಡಲಿಲ್ಲ. ಕೊಲ್ಲಾಪುರದಲ್ಲಿ ದೊಡ್ಡ ಪೈಲ್ವಾನರು ಹಾಕುವ ಪಟ್ಟು ಇದು, ನನಗೂ ಕಲಿಸಿರಿ ಎಂದು ಯಾರಾದರೂ ಕೇಳಿದರೆ, “ಮೊದಲ ಬೈಠಕ್ ಹೊಡಿ” ಅನ್ನುತ್ತಿದ್ದರು.

ಖಡಕಿಯಲ್ಲಿ ಕೂತು ಈ ಆಟ ಆಡುವವರಿಗೆ ಇನ್ನೊಂದು ಪಾಠ ಬಾಗಿಲಲ್ಲೇ ಇದೆ. 1817ರ ನವೆಂಬರ್ 5ರಂದು ಈ ಊರಿಗೂ ಗಣೇಶಖಿಂಡಕ್ಕೂ ನಡುವಿನ ಬಯಲಿನಲ್ಲಿ ಎರಡನೆಯ ಬಾಜಿರಾವ್ ಪೇಶ್ವೆಯ ದಂಡೂ ಇಂಗ್ಲಿಷ್ ಕಂಪನಿಯ ದಂಡೂ ಎದುರಾದವು. ಇಂಗ್ಲಿಷರ ಲೆಕ್ಕದ ಪ್ರಕಾರ ಪೇಶ್ವೆಯ ಕಡೆ 18,000 ಕುದುರೆ, 8,000 ಕಾಲಾಳು. ತಮ್ಮ ಕಡೆ 2,800 ಜನ. ಪೇಶ್ವೆ ಪರ್ವತಿ ಗುಡ್ಡದ ಮೇಲಿನಿಂದ ನೋಡುತ್ತಿದ್ದ. ಬಾಪು ಗೋಖಲೆ ಆರಿಸಿದ ಸವಾರರನ್ನು ಸಾವಿರಗಟ್ಟಲೆ ಒಟ್ಟಿಗೆ ನುಗ್ಗಿಸಿದ. ಆ ಕಾಲಕ್ಕೆ ಅದಕ್ಕಿಂತ ಚೆನ್ನಾಗಿ ಕಟ್ಟಿದ ಸವಾರ ಪಡೆ ಈ ದೇಶದಲ್ಲಿ ಎಷ್ಟಿತ್ತು? ಆದರೆ ಕಂಪನಿಯ ಸಿಪಾಯಿಗಳ ಮುಂದೆ ಇದ್ದದ್ದು ಕೆಸರಿನ ತಗ್ಗು. ಎರಡು ಕಡೆಯವರಿಗೂ ಅದು ಮೊದಲು ಕಾಣಲಿಲ್ಲ. ಓಡಿಬಂದ ಕುದುರೆಗಳು ಅದರಲ್ಲಿ ಮುಗ್ಗರಿಸಿದವು, ಹಿಂದಿನವು ಮುಂದಿನವುಗಳ ಮೇಲೆ ಬಿದ್ದವು. ಕಂಪನಿಯ ಕಡೆ ಸತ್ತವರೂ ಗಾಯಾಳುಗಳೂ ಸೇರಿ 86, ಪೇಶ್ವೆಯ ಕಡೆ ಸುಮಾರು 500. ಸೋಲಿಗೆ ಕೆಸರೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ರಾಜಕಾರಣ ಅದಕ್ಕೂ ಮೊದಲೇ ಹುಗಿದುಹೋಗಿತ್ತು. ಆದರೆ ಆ ಸಂಜೆ ಕುದುರೆಯ ವೇಗವೇ ಸವಾರನಿಗೆ ಮುಳುವಾಯಿತು.

ನಮ್ಮ ಆಟದಲ್ಲಿ ಆಳುಗಳಿಗೆ ಕುದುರೆ ಇಲ್ಲ, ಕೆಸರು ಮಾತ್ರ ಇದೆ. ಅದರಲ್ಲಿ ಕಾಲಿಟ್ಟರೆ ದಣಿವು ಜಾಸ್ತಿ. ಹೊಡೆಯುವ ಕೈಯೂ ಸೋಲುತ್ತದೆ, ತಡೆಯುವ ಕೈಯೂ ಸೋಲುತ್ತದೆ. ಪಟ್ಟಿಯಲ್ಲಿರುವ ಅಂಕಗಳೆಲ್ಲ ಒಣನೆಲದ ಅಂಕಗಳು. ಅದಕ್ಕೇ ಸಾಲಿನಲ್ಲಿ ಒಬ್ಬಿಬ್ಬರಾದರೂ ಹಗುರ ಕವಚದವರು ಇರಬೇಕು, ಜೀವಬಲ ಹೆಚ್ಚಿದ್ದು ‘ನಿಂಬಲ್’ ವಿದ್ಯೆ ಕಲಿತವರು. ತಾವೇ ಹೊತ್ತ ಭಾರದಿಂದ ಸುಸ್ತಾಗದ ಜನ ಅವರು. ಉಳಿದವರು ಭಾರದ ಕವಚ ಹಾಕಿ ‘ಬ್ಯಾಟಲ್ ಫೋರ್ಜ್ಡ್’ ಕಲಿಯಲಿ. ಎರಡೂ ವಿದ್ಯೆ ಒಬ್ಬನಿಗೇ ಕಲಿಸುವುದು ಮಾತ್ರ ದಂಡ, ಹೊಸಬರೆಲ್ಲ ಮಾಡುವ ತಪ್ಪು ಅದು, ನಾನೂ ಮಾಡಿದ್ದೇನೆ. (ಈಗ ಇದೇ ಖಡಕಿ ಬಾಂಬೆ ಸ್ಯಾಪರ್ಸ್ ಪಡೆಯ ಮನೆ. ದಂಡು ದಾಟಲು ಸೇತುವೆ ಹಾಕುವುದು, ದಾರಿ ಮಾಡುವುದು ಅವರ ಕಸುಬು. 1817ರ ಬಯಲಿಗೆ ಬೇಕಾಗಿದ್ದವರು ಅವರೇ.)

ಎದೆಗಾರಿಕೆಯ ಬಗ್ಗೆ ಪಟ್ಟಿಯವರು ಬಹಳ ಉದಾಸೀನ. ಇದನ್ನು ನಾವು ಪೆಟ್ಟು ತಿಂದು ಕಲಿತೆವು. ನಮಗೊಮ್ಮೆ ಒಬ್ಬ ಸನ್ಯಾಸಿ ಸಿಕ್ಕಿದ್ದ. ಕೈಯಲ್ಲಿ ಕತ್ತಿ ಹಿಡಿಯಲು ಬಾರದವನು, ಎದೆಗಾರಿಕೆ ಮಾತ್ರ ಎಲ್ಲರಿಗಿಂತ ಮೇಲೆ, ಅದರ ಪಕ್ಕದಲ್ಲೇ ಎರಡು ಚಿಕ್ಕಿ. ಗೆಳೆಯ ಅವನನ್ನು ಸಂಜೆಯೊಳಗೆ ಕಳಿಸಿಬಿಟ್ಟ. ಹದಿನೈದು ದಿನದ ಮೇಲೆ ಒಂದು ಸ್ಮಶಾನದಲ್ಲಿ ಗೈಸ್ಟ್ ಎಂಬ ದೆವ್ವಗಳು ಸಿಕ್ಕವು. ಅವು ಬಂದು ಚೀರುತ್ತವೆ, ಎದೆ ಗಟ್ಟಿ ಇಲ್ಲದವನು ಓಡುತ್ತಾನೆ. ನಮ್ಮ ಕೊಡಲಿಯ ವೀರರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿದರು. ಓಡುವವನ ಹಿಂದೆ ಬೀಳುವ ಹೊಡೆತಕ್ಕೆ ಲೆಕ್ಕವಿಲ್ಲ, ನಾಲ್ವರು ಹೋದರು. ಆ ಸನ್ಯಾಸಿಗೆ ದಂಡಿನ ಬಾವುಟ ಕೊಟ್ಟು ಎರಡನೆಯ ಸಾಲಿನ ನಡುವೆ ನಿಲ್ಲಿಸಿದ್ದರೆ ಅವನ ಧೈರ್ಯದಲ್ಲಿ ಒಂದು ಪಾಲು ಅಕ್ಕಪಕ್ಕದವರಿಗೂ ಬರುತ್ತಿತ್ತು. ಬಾವುಟ ಕಟ್ಟಿದ ಕೋಲು ಉದ್ದದ ಆಯುಧವೂ ಹೌದು, ಮುಂದಿನವನ ಹೆಗಲ ಮೇಲಿಂದ ತಿವಿಯಬಹುದು. ಕತ್ತಿ ಹಿಡಿಯಲು ಬಾರದವನೂ ಒಂದು ಜಾಗದಲ್ಲಿ ಎಲ್ಲರಿಗಿಂತ ಉಪಯೋಗಕ್ಕೆ ಬರುತ್ತಿದ್ದ. ನಾವು ಅವನ ಚಿಕ್ಕಿಯನ್ನು ನೋಡಿದೆವು, ಜಾಗವನ್ನು ನೋಡಲಿಲ್ಲ.

ಗೆಳೆಯನ ಪರವಾಗಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಇದು ಏಕಪಕ್ಷೀಯ ಆದೀತು. ಕೈಕಾಳಗದಲ್ಲಿ ಮೂರು ಚಿಕ್ಕಿಯ ಒಬ್ಬ ಒಕ್ಕಲಿಗ ಹುಡುಗ ನಮಗೆ ಹನ್ನೆರಡನೆಯ ದಿನ ಸಿಕ್ಕ. ಅವನನ್ನು ಗುರುತಿಸಿದವನು ಗೆಳೆಯನೇ. ಇವತ್ತು ಅವನು ಹನ್ನೊಂದನ್ನು ದಾಟಿದ್ದಾನೆ, ನಮ್ಮ ಕಾಳಗಗಳಲ್ಲಿ ಅರ್ಧ ಕೆಲಸ ಅವನದೇ. ಪಟ್ಟಿ ಹೇಳಿದಂತೆಯೇ ಅವನನ್ನು ಕಟ್ಟಿದೆವು, ಪಟ್ಟಿ ಹೇಳಿದಂತೆಯೇ ಆದ. ಆದರೆ ಅವನು ಮೊದಲ ಮಟ್ಟದಿಂದ ಏಳನೆಯದಕ್ಕೆ ಹೋಗುವ ತನಕ ಅವನ ಎಡಕ್ಕೆ ನಿಂತವನು ಯಾರು? ಮೀನುಗಾರ. ಎರಡು ಮೂರು ವೈರಿಗಳು ಒಟ್ಟಿಗೆ ಒಬ್ಬನ ಮೇಲೆ ಬಿದ್ದರೆ ಎಂಥ ಚಿಕ್ಕಿಯವನೂ ಉಳಿಯುವುದಿಲ್ಲ. ಎಡಗಡೆಯಿಂದ ಬರುವವರನ್ನು ಮೀನುಗಾರ ಈಟಿ ನೆಟ್ಟು ತಡೆದ. ಕೊಂದದ್ದು ಕಡಿಮೆ, ತಡೆದದ್ದು ಹೆಚ್ಚು. ಆಟ ಕೊಂದವರ ಲೆಕ್ಕ ಇಡುತ್ತದೆ, ತಡೆದವರದು ಇಡುವುದಿಲ್ಲ.

ಇಲ್ಲೇ ನನಗೂ ಪಟ್ಟಿಯವರಿಗೂ ನಿಜವಾದ ಜಗಳ. ಚಿಕ್ಕಿ ಇಲ್ಲದವರನ್ನು ಅವರೂ ಸೇರಿಸಿಕೊಳ್ಳುತ್ತಾರೆ, ಆದರೆ ಬಾಣಕ್ಕೆ ಒಡ್ಡಲು. ಅಗ್ಗದ ಭಿಕ್ಷುಕರನ್ನು ಹಿಡಿದು ತಂದು, ಕವಚ ಕೊಡದೆ ಮುಂದೆ ತಳ್ಳಿ, ಸತ್ತರೆ ಸಂಬಳ ಉಳಿಯಿತು ಅನ್ನುತ್ತಾರೆ. ಆಟ ಅದನ್ನು ತಡೆಯುವುದಿಲ್ಲ. ನಾನು ನೀತಿ ಹೇಳಲು ಹೊರಟಿಲ್ಲ. ಅವರು ತೆರೆಯ ಮೇಲಿನ ಅಂಕಿಗಳು ಅನ್ನುವುದು ನನಗೂ ಗೊತ್ತು. ಲೆಕ್ಕದಿಂದಲೇ ಹೇಳುತ್ತೇನೆ. ಜೊತೆಯವನು ಕಣ್ಣೆದುರು ಸತ್ತರೆ ಉಳಿದವರ ಎದೆ ಕುಸಿಯುವುದನ್ನು ಆಟ ಎಣಿಸುತ್ತದೆ. ಮೊದಲ ಸುತ್ತಿನಲ್ಲೇ ಮೂವರು ಬಿದ್ದರೆ ನಿಮ್ಮ ಮೂರು ಚಿಕ್ಕಿಯವನ ಕೈಯೂ ನಡುಗುತ್ತದೆ. ಒಂದು ಗುರಾಣಿ, ಒಂದು ಟೊಪ್ಪಿಗೆ, ತಪ್ಪಿಸಿಕೊಳ್ಳುವ ಗುಣಕ್ಕೆ ಮೊದಲ ಮೂರು ಮಟ್ಟ, ಇಷ್ಟು ಖರ್ಚು ಮಾಡಿದ್ದರೆ ಆ ಮೂವರಲ್ಲಿ ಇಬ್ಬರು ನಿಂತಿರುತ್ತಿದ್ದರು.

ಮೀನುಗಾರನಿಗೆ ನಾನು ಬಸ್ಯಾ ಅಂತ ಹೆಸರಿಟ್ಟಿದ್ದೆ. ಅರವತ್ತೆಂಟನೆಯ ದಿನ ಒಬ್ಬ ಓರ್ಕ್‌ನ ಕೈಯಲ್ಲಿ ಸತ್ತ, ಏಳನೆಯ ಮಟ್ಟದಲ್ಲಿ. ಈ ಆಟದಲ್ಲಿ ಸತ್ತವರದೊಂದು ಪುಟ ಇದೆ: ಹೆಸರು, ಎಷ್ಟು ದಿನ ಜೊತೆಗಿದ್ದ, ಎಷ್ಟು ಕಾಳಗ, ಎಷ್ಟು ಜನರನ್ನು ಕೊಂದ, ಹೇಗೆ ಸತ್ತ. ನಮ್ಮ ವೀರಗಲ್ಲಿನ ಹಾಗೆ ಅನ್ನೋಣ ಅಂದರೆ ಅಷ್ಟೂ ಇಲ್ಲ. ವೀರಗಲ್ಲಿನಲ್ಲಿ ಅಪ್ಸರೆಯರಾದರೂ ಬಂದು ಒಯ್ಯುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ಸಿಕ್ಕಿದೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ್ದು. ಸಾವಿರ ವರ್ಷವಾದರೂ ಅದರ ಹೆಸರು ಉಳಿದಿದೆ. ನಮ್ಮ ಆಟದಲ್ಲಿಯೂ ನಾಯಿಗಳಿವೆ, ಅವು ಆ ಪುಟಕ್ಕೆ ಬರುವುದಿಲ್ಲ. ಬಸ್ಯಾ ಬಂದಿದ್ದಾನೆ. ಅವನ ಸಾಲಿನಲ್ಲಿ ಕೊಂದವರ ಸಂಖ್ಯೆ ಒಂಬತ್ತು. ಗೆಳೆಯ ಅದನ್ನು ನೋಡಿ, “ನೋಡು, ನಾ ಹೇಳಿದ್ನಿಲ್ಲ” ಅಂದ.

ಮೊನ್ನೆ ಒಬ್ಬ ಭಿಕ್ಷುಕನನ್ನು ಸೇರಿಸಿಕೊಂಡಿದ್ದೇನೆ. ಕೈಕಾಳಗದಲ್ಲಿ ಚಿಕ್ಕಿ ಇಲ್ಲ, ದಣಿವಿನಲ್ಲಿ ಒಂದು ಇದೆ. ಬಸ್ಯಾನ ಗುರಾಣಿ ಕೊಟ್ಟು ಎಡತುದಿಯಲ್ಲಿ ನಿಲ್ಲಿಸಿದ್ದೇನೆ. ಗೆಳೆಯ ಊರಿಗೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ. ಅಷ್ಟರೊಳಗೆ ಮೂರನೆಯ ಮಟ್ಟಕ್ಕೆ ಒಯ್ಯಬೇಕು.