ರಕ್ತಪರೀಕ್ಷೆಯ ಅಂಕಿ ಮತ್ತು ಬಡವನ ಭಯ

ಹೆಪಟೈಟಿಸ್ ಬಿ ಇದೆಯೆಂದು ತಿಳಿದ ಕಾರ್ಮಿಕನ ಕೈಗೆ ‘ವೈರಲ್ ಲೋಡ್’ ಎಂಬ ಪರೀಕ್ಷೆಯ ಕಾಗದ ಬರುತ್ತದೆ. ಅದರಲ್ಲಿ ಲಕ್ಷದ ಅಂಕಿ ಕಂಡವನು ತನ್ನ ಕಾಲ ಮುಗಿಯಿತೆಂದು ಎದೆಗುಂದುತ್ತಾನೆ. ಅರ್ಥ ತಿಳಿಸಿ ಹೇಳುವವರಿಲ್ಲದ ಈ ಭಯವೇ ನಕಲಿ ಔಷಧಿ ಮಾರುವವರಿಗೆ ಬಂಡವಾಳ.

ಒಂದು ಮಿಲಿಲೀಟರಿನಲ್ಲಿ ವೈರಸ್ ಎಷ್ಟಿದೆಯೆಂಬುದನ್ನು ಈ ಅಂಕಿ ಇಂಟರ್‌ನ್ಯಾಷನಲ್ ಯೂನಿಟ್ ಲೆಕ್ಕದಲ್ಲಿ ತಿಳಿಸುತ್ತದೆ. ಲಿವರ್ ಎಷ್ಟು ಕೆಟ್ಟಿದೆಯೆಂಬುದು ಇದರಿಂದ ತಿಳಿಯದು, ಅದಕ್ಕೆ ಎ.ಎಲ್.ಟಿ. ಪರೀಕ್ಷೆಯೂ ಲಿವರ್ ಗಡುಸಾಗಿದೆಯೇ ಎಂಬ ತಪಾಸಣೆಯೂ ಬೇಕು. ತಕ್ಕಡಿಯ ಒಂದೇ ತಟ್ಟೆ ನೋಡಿ ತೂಕ ಹೇಳಲಾಗದೆಂಬುದನ್ನು ನಮ್ಮ ವ್ಯಾಪಾರಿ ಬಂಧುಗಳು ಬಲ್ಲರು. ಅಂಕಿ ಕೋಟಿ ಮೀರಿದ್ದರೂ ಲಿವರ್ ಸುಸ್ಥಿತಿಯಲ್ಲಿರುವ ತರುಣರುಂಟು. ಅಂಕಿ ಸಣ್ಣದಿದ್ದರೂ ಲಿವರ್ ಗಡುಸಾದವರುಂಟು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ, ವಯಸ್ಕರಲ್ಲಿ ಅಂಕಿ 2,000 ಮೀರಿ ಎ.ಎಲ್.ಟಿ.ಯೂ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಲಿವರ್ ಗಮನಾರ್ಹವಾಗಿ ಗಡುಸಾಗಿದ್ದರೆ ಅಂಕಿ ಎಷ್ಟೇ ಇರಲಿ, ಬೇಕು.

ಕೆಲವು ಕಾಗದಗಳಲ್ಲಿ ‘ಲಾಗ್’ ಎಂದಿರುತ್ತದೆ. ಲಾಗ್ 4 ಎಂದರೆ ಒಂದರ ಮುಂದೆ ನಾಲ್ಕು ಸೊನ್ನೆ, ಅಂದರೆ 10,000. ಲಾಗ್ 5 ಎಂದರೆ 1,00,000. ಒಂದು ಸೊನ್ನೆ ಕಳೆದರೆ ಅದು ನಿಜವಾದ ಇಳಿಕೆ. 3,000 ಇದ್ದದ್ದು 4,000 ಆಯಿತೆಂದು ಗಾಬರಿ ಬೇಡ. ಅಷ್ಟು ವ್ಯತ್ಯಾಸ ಪರೀಕ್ಷೆಯಿಂದ ಪರೀಕ್ಷೆಗೆ ಬರುವುದುಂಟು. ಮಾತ್ರೆ ನುಂಗುವವರಿಗೆ ‘ಕಂಡುಬಂದಿಲ್ಲ’ ಎಂದು ಬಂದರೆ ಔಷಧಿ ನಾಟಿದೆಯೆಂದು ಅರ್ಥ. ಆದರೂ ಲಿವರಿನ ಕಣಗಳಲ್ಲಿ ವೈರಸ್ ಅಡಗಿಯೇ ಇರುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ರೋಗ ಕೆರಳಿ ಪ್ರಾಣಕ್ಕೇ ಕುತ್ತು ಬರಬಹುದು.

ಮಾಲೀಕರಿಗೂ ಒಂದು ಮಾತು. ಈ ರೋಗ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಒಂದೇ ಮಗ್ಗದ ಬಳಿ ದುಡಿಯುವುದರಿಂದ, ಒಟ್ಟಿಗೆ ಉಣ್ಣುವುದರಿಂದ ಹರಡದು. ಈ ಕಾಗದ ನೋಡಿ ಕಾರ್ಮಿಕನನ್ನು ಕೆಲಸದಿಂದ ತೆಗೆಯುವುದು ಶುದ್ಧ ಅನ್ಯಾಯ; ಸಂಘಗಳು ಅದನ್ನು ಒಕ್ಕೊರಲಿನಿಂದ ಎದುರಿಸಬೇಕು.

2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಪರೀಕ್ಷೆ, ಔಷಧಿ ಎರಡೂ ಉಚಿತವೆಂಬುದು ಅದರ ವಾಗ್ದಾನ. ಇದು ದಾನವಲ್ಲ, ಜನರ ತೆರಿಗೆಯ ಹಣ. ಜಿಲ್ಲಾಸ್ಪತ್ರೆಗೆ ಹೋಗಿ ಕೇಳಿರಿ. ಹಳೆಯ ಕಾಗದಗಳನ್ನೆಲ್ಲ ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಈ ಅಂಕಿಗಳನ್ನು ರೋಗಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಒಬ್ಬ ನೌಕರ, ಪಾಳಿ ಮುಗಿಸಿ ಬರುವವರಿಗೂ ಸಿಗುವಂತೆ ಇರಬೇಕು. ಇದು ನಮ್ಮ ಒತ್ತಾಯ.